ಹೆಜ್ಜೆಯಲ್ಲಿ ಹುಡುಕಿದ ನಂಟು

ಆಸ್ಟ್ರೇಲಿಯದ ಮೂಲನಿವಾಸಿಗಳಿಬ್ಬರು ಮೊದಲ ಬಾರಿಗೆ ಭೇಟಿಯಾದಾಗ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಯಾವ ನೆಲದವರು, ಯಾರ ಕಡೆಯವರು, ತಾಯಿ ಯಾವ ಕುಲದವಳು, ಅಜ್ಜಿ ಎಲ್ಲಿ ಹುಟ್ಟಿದವಳು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಒಂದೆರಡು ಉತ್ತರ ಸಿಕ್ಕುವಷ್ಟರಲ್ಲಿ ಎಲ್ಲೋ ಒಂದು ಎಳೆ ಕೂಡಿಕೊಂಡು, ಅದುವರೆಗೆ ಅಪರಿಚಿತರಾಗಿದ್ದವರು ಸೋದರಮಾವನೋ ಚಿಕ್ಕಮ್ಮನೋ ಆಗಿಬಿಡುತ್ತಾರೆ. ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಕೂತ ಹಿರಿಯರು ‘ಯಾರ ಮಗನಪ್ಪಾ ನೀನು?’ ಎಂದು ಕೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಆದರೆ ಈ ಸರಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಸಾವಿರಾರು ಜನ ಆ ದೇಶದಲ್ಲಿದ್ದಾರೆ. ಅವರಿಗೆ ನೆನಪು ಕೆಟ್ಟಿದ್ದರಿಂದ ಹೀಗಾದದ್ದಲ್ಲ. ಅವರ ತಂದೆ ತಾಯಿಯರನ್ನೋ ಅಜ್ಜ ಅಜ್ಜಿಯರನ್ನೋ ಎಳೆಯ ವಯಸ್ಸಿನಲ್ಲಿಯೇ ಮನೆಯಿಂದ ಎತ್ತಿಕೊಂಡು ಹೋಗಿ, ಹೆಸರು ಬದಲಿಸಿ, ಭಾಷೆ ಬಿಡಿಸಿ ಬೆಳೆಸಲಾಯಿತು. ಹೀಗೆ ತುಂಡಾದ ಎಳೆಯನ್ನು ಮತ್ತೆ ಕೂಡಿಸಲು ಕಳೆದ ಐವತ್ತು ವರ್ಷಗಳಲ್ಲಿ ಅಲ್ಲಿಯ ಯುವಜನರು ಹಲವು ದಾರಿ ಹಿಡಿದಿದ್ದಾರೆ. ಕೆಲವರು ಸರಕಾರಿ ಕಡತಗಳನ್ನು ತಡಕಾಡಿದರು, ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇನ್ನು ಕೆಲವರು ರಂಗಭೂಮಿಗೆ ಬಂದು ಕುಣಿದರು. ಆ ಕುಣಿದವರ ಕಥೆ ಇಲ್ಲಿದೆ.

ಕುಣಿತಕ್ಕೂ ಒಡೆಯರುಂಟು

ಈ ಕಥೆ ಅರ್ಥವಾಗಬೇಕಾದರೆ ಮೊದಲು ಒಂದು ವಿಷಯ ತಿಳಿದಿರಬೇಕು. ಮೂಲನಿವಾಸಿಗಳ ಸಮಾಜದಲ್ಲಿ ಕುಣಿತ ಎಲ್ಲರ ಸೊತ್ತಲ್ಲ. ಅದಕ್ಕೆ ಒಡೆಯರಿದ್ದಾರೆ.

ಖಂಡದ ಉತ್ತರ ತುದಿಯಲ್ಲಿರುವ ಆರ್ನೆಮ್ ಲ್ಯಾಂಡಿನ ಯೋಲಂಗು ಜನರನ್ನೇ ನೋಡಿ. ಅವರ ಪ್ರಪಂಚವೆಲ್ಲ ದುವಾ ಮತ್ತು ಯಿರಿಚಾ ಎಂಬ ಎರಡು ಪಾಲಾಗಿದೆ. ಜನರಷ್ಟೇ ಅಲ್ಲ, ಪ್ರಾಣಿ, ಗಿಡ, ಗಾಳಿ, ನೀರಿನ ಸೆಲೆ, ಹಾಡು ಎಲ್ಲವೂ ಈ ಎರಡರಲ್ಲಿ ಒಂದಕ್ಕೆ ಸೇರಿದವು. ಮಗು ತಂದೆಯ ಪಾಲಿಗೆ ಸೇರುತ್ತದೆ. ಮದುವೆ ಮಾತ್ರ ಇನ್ನೊಂದು ಪಾಲಿನವರೊಡನೆಯೇ ಆಗಬೇಕು. ನಮ್ಮಲ್ಲಿ ಬಳಿ, ಬೆಡಗು ಒಂದೇ ಆದರೆ ಹೆಣ್ಣು ಗಂಡು ಅಣ್ಣ ತಂಗಿಯರಾಗುತ್ತಾರಲ್ಲ, ಹಾಗೆ. ತಾಯಿಯ ಅಕ್ಕತಂಗಿಯರು ತಾಯಂದಿರೇ, ತಂದೆಯ ಅಣ್ಣತಮ್ಮಂದಿರು ತಂದೆಯರೇ. ದೊಡ್ಡಮ್ಮ ಚಿಕ್ಕಮ್ಮ, ದೊಡ್ಡಪ್ಪ ಚಿಕ್ಕಪ್ಪ ಎಂದು ಕರೆದು ಅಭ್ಯಾಸವಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಮಾನವಶಾಸ್ತ್ರಜ್ಞರು ಬಹಳ ಹಿಂದಿನಿಂದಲೂ ದ್ರಾವಿಡ ಬಂಧುತ್ವ ಪದ್ಧತಿಯನ್ನು ಆಸ್ಟ್ರೇಲಿಯದ ಪದ್ಧತಿಗಳ ಪಕ್ಕದಲ್ಲಿಟ್ಟು ನೋಡಿದ್ದಾರೆ. ಇದರಿಂದ ಎರಡೂ ಜನಾಂಗಗಳು ಒಂದೇ ಎಂದೇನೂ ಆಗುವುದಿಲ್ಲ. ನಂಟಸ್ತಿಕೆಯನ್ನು ಲೆಕ್ಕ ಹಾಕುವ ರೀತಿ ಹೋಲುತ್ತದೆ, ಅಷ್ಟೆ.

ಪ್ರತಿಯೊಂದು ಕುಲಕ್ಕೂ ತನ್ನ ನೆಲ, ಆ ನೆಲವನ್ನು ರೂಪಿಸಿದ ಮೂಲಪುರುಷರ ಕಥೆ, ಆ ಕಥೆಯ ಹಾಡು, ಹಾಡಿಗೆ ತಕ್ಕ ಹೆಜ್ಜೆ, ಮೈಮೇಲೆ ಬರೆಯುವ ಬಣ್ಣದ ಗೆರೆಗಳಿವೆ. ಇವೆಲ್ಲ ಒಂದರೊಡನೊಂದು ಹೆಣೆದುಕೊಂಡಿವೆ. ಒಂದು ಕುಲದ ಕುಣಿತವನ್ನು ಇನ್ನೊಂದು ಕುಲದವನು ಕೇಳದೆ ಕುಣಿದರೆ ಅದು ಇನ್ನೊಬ್ಬರ ಹೊಲವನ್ನು ಉತ್ತ ಹಾಗೆ. ಹಾಗಾಗಿ ಕುಣಿತವನ್ನು ಕಲಿಯಬೇಕಾದರೆ ಮೊದಲು ಯಾರದೋ ಮಗನೋ ಮೊಮ್ಮಗಳೋ ಆಗಿರಬೇಕು. ನಂಟಿದ್ದವರಿಗೆ ಕುಣಿತ ದಕ್ಕುತ್ತದೆ. ನಂಟೇ ಕಳೆದುಹೋದವರು ಏನು ಮಾಡಬೇಕು?

ಕದ್ದೊಯ್ದ ಮಕ್ಕಳು

1788ರಲ್ಲಿ ಬ್ರಿಟಿಷರು ಸಿಡ್ನಿಯ ದಡದಲ್ಲಿ ಕೈದಿಗಳ ವಸಾಹತು ಹೂಡಿದಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಜನರು ಅಲ್ಲಿ ನೆಲೆಸಿ ಐವತ್ತು ಸಾವಿರ ವರ್ಷಗಳಾದರೂ ಆಗಿದ್ದವು. ಮುಂದಿನ ನೂರು ವರ್ಷಗಳಲ್ಲಿ ಸಿಡುಬು, ಬಂದೂಕು, ಹಸಿವುಗಳಿಗೆ ಸಿಕ್ಕಿ ಕುಲಕ್ಕೆ ಕುಲವೇ ನಾಶವಾದವು. ಉಳಿದವರನ್ನು ‘ರಕ್ಷಿಸುವ’ ಹೆಸರಿನಲ್ಲಿ ಮಿಷನ್ನುಗಳಿಗೂ ಮೀಸಲು ಪ್ರದೇಶಗಳಿಗೂ ಅಟ್ಟಲಾಯಿತು. ಎಷ್ಟೋ ಕಡೆ ಅವರ ಭಾಷೆ ಆಡುವುದಕ್ಕೆ, ವಿಧಿಯ ಕುಣಿತಗಳನ್ನು ನಡೆಸುವುದಕ್ಕೆ ಅಡ್ಡಿಯಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಡಳಿತದ ಕಣ್ಣು ಮಕ್ಕಳ ಮೇಲೆ ಬಿತ್ತು. ಅದರಲ್ಲೂ ಬಿಳಿಯ ತಂದೆಗೆ ಹುಟ್ಟಿದ ಮಕ್ಕಳ ಮೇಲೆ. ಇವರನ್ನು ತಾಯಿಯಿಂದ ಬಿಡಿಸಿ ಬೇರೆ ಕಡೆ ಬೆಳೆಸಿದರೆ ಒಂದೆರಡು ತಲೆಮಾರಿನಲ್ಲಿ ಬಿಳಿಯರಲ್ಲಿ ಕರಗಿಹೋಗುತ್ತಾರೆ ಎಂಬುದು ಅಧಿಕಾರಿಗಳ ಲೆಕ್ಕಾಚಾರ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1915ರಲ್ಲಿ ಬಂದ ತಿದ್ದುಪಡಿ ಕಾಯಿದೆಯಂತೂ ನ್ಯಾಯಾಲಯದ ಆದೇಶವಿಲ್ಲದೆ, ತಂದೆ ತಾಯಿಯರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಒಯ್ಯುವ ಅಧಿಕಾರವನ್ನು ರಕ್ಷಣಾ ಮಂಡಳಿಗೆ ಕೊಟ್ಟಿತು. ಹೆಣ್ಣುಮಕ್ಕಳನ್ನು ಕೂಟಮಂಡ್ರಾ ಎಂಬಲ್ಲಿಯ ವಸತಿಗೃಹದಲ್ಲಿಟ್ಟು ಬಿಳಿಯರ ಮನೆಗೆಲಸಕ್ಕೆ ತಯಾರು ಮಾಡಿದರು. ಗಂಡುಮಕ್ಕಳು ಕಿಂಚೆಲಾ ಎಂಬಲ್ಲಿಗೆ ಹೋದರು. ಅಲ್ಲಿ ಹುಡುಗರನ್ನು ಹೆಸರು ಬಿಟ್ಟು ನಂಬರಿನಿಂದ ಕರೆಯುತ್ತಿದ್ದರು. ತಾಯಿ ಬದುಕಿದ್ದರೂ ಸತ್ತಿದ್ದಾಳೆಂದು ಎಷ್ಟೋ ಮಕ್ಕಳಿಗೆ ಹೇಳಲಾಗಿತ್ತು.

1995ರಲ್ಲಿ ಸರಕಾರ ಇದರ ವಿಚಾರಣೆಗೆ ಆದೇಶಿಸಿತು. ನ್ಯಾಯಮೂರ್ತಿಯಾಗಿದ್ದ ರೊನಾಲ್ಡ್ ವಿಲ್ಸನ್ ಮತ್ತು ಮೂಲನಿವಾಸಿ ನಾಯಕ ಮಿಕ್ ಡಾಡ್ಸನ್ ಇದರ ಹೊಣೆ ಹೊತ್ತರು. 535 ಮೂಲನಿವಾಸಿಗಳು ತಮ್ಮ ಕಥೆಯನ್ನು ಅವರ ಮುಂದೆ ಹೇಳಿಕೊಂಡರು. 1997ರಲ್ಲಿ ಸಂಸತ್ತಿನ ಮುಂದೆ ಬಂದ ವರದಿಯ ಅಂದಾಜಿನಂತೆ 1910ರಿಂದ 1970ರವರೆಗೆ ಮೂರು ಮಕ್ಕಳಲ್ಲಿ ಒಂದರಿಂದ ಹತ್ತು ಮಕ್ಕಳಲ್ಲಿ ಒಂದರವರೆಗೆ ಮನೆಯಿಂದ ಒಯ್ಯಲಾಗಿತ್ತು. ಈ ವರದಿಯಿಂದ ತನ್ನ ಕುಟುಂಬಕ್ಕೆ ಸಂಬಂಧವೇ ಇಲ್ಲ ಎನ್ನಬಲ್ಲ ಮೂಲನಿವಾಸಿ ಮನೆ ಇಲ್ಲವೆನ್ನುವಷ್ಟು ಅಪರೂಪ. ‘ಕದ್ದೊಯ್ದ ತಲೆಮಾರುಗಳು’ ಎಂಬ ಹೆಸರು ಆಮೇಲೆ ಮನೆಮಾತಾಯಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಇವರ ಕ್ಷಮೆ ಕೇಳಿದರು.

ಬೇರೆಯವರು ಕಟ್ಟಿದ ವೇಷ

ಮಕ್ಕಳನ್ನು ಹೀಗೆ ಒಯ್ಯುತ್ತಿದ್ದ ಕಾಲದಲ್ಲಿ ಮೂಲನಿವಾಸಿಗಳ ಕುಣಿತ ರಂಗದ ಮೇಲೆ ಇರಲೇ ಇಲ್ಲ ಎಂದುಕೊಳ್ಳಬೇಡಿ. ಇತ್ತು. ಆದರೆ ಅದರ ಸೂತ್ರ ಬೇರೆಯವರ ಕೈಯಲ್ಲಿತ್ತು.

1938ರಲ್ಲಿ ಬಿಳಿಯರು ಬಂದಿಳಿದು 150 ವರ್ಷಗಳಾದ ಸಂಭ್ರಮ ಸಿಡ್ನಿಯಲ್ಲಿ ನಡೆಯಿತು. ಬ್ರಿಟಿಷ್ ನೌಕೆ ದಡ ಸೇರಿದ ದೃಶ್ಯವನ್ನು ಮತ್ತೆ ಆಡಿ ತೋರಿಸಬೇಕಾಗಿತ್ತು. ಹೆದರಿ ಓಡುವ ‘ಕಾಡುಜನರ’ ಪಾತ್ರ ಮಾಡಲು ಸಿಡ್ನಿಯ ಮೂಲನಿವಾಸಿಗಳು ಒಪ್ಪಲಿಲ್ಲ. ಆಗ ದೂರದ ಮೆನಿಂಡಿ ಎಂಬಲ್ಲಿಂದ ಕೆಲವು ಗಂಡಸರನ್ನು ಕರೆತಂದು, ರೆಡ್‌ಫರ್ನ್ ಬಡಾವಣೆಯ ಪೊಲೀಸ್ ಬ್ಯಾರಕ್ಕಿನಲ್ಲಿ ಹೊರಗಿನವರ ಸಂಪರ್ಕವಿಲ್ಲದಂತೆ ಇರಿಸಿ, ಆ ಪಾತ್ರ ಮಾಡಿಸಲಾಯಿತು. ಅದೇ ದಿನ, ಜನವರಿ 26ರಂದು, ಅದೇ ಊರಿನ ಒಂದು ಸಭಾಂಗಣದಲ್ಲಿ ಮೂಲನಿವಾಸಿ ನಾಯಕರು ಸೇರಿ ಅದನ್ನು ಶೋಕದಿನವೆಂದು ಸಾರಿದರು.

1954ರಲ್ಲಿ ರಾಣಿ ಎಲಿಜಬೆತ್ ಆಸ್ಟ್ರೇಲಿಯಕ್ಕೆ ಬಂದಾಗ ಆಕೆಯ ಮುಂದೆ ‘ಕೊರೊಬೊರಿ’ ಎಂಬ ಬ್ಯಾಲೆ ನಡೆಯಿತು. ಸಂಗೀತ ಜಾನ್ ಆಂಟಿಲ್ ಅವರದು. ವಸ್ತು, ಮೂಲನಿವಾಸಿ ಬಾಲಕನೊಬ್ಬ ಗಂಡಸಾಗುವ ದೀಕ್ಷೆಯ ವಿಧಿ. ಆ ಬಾಲಕನ ಪಾತ್ರ ವಹಿಸಿದವರು ಅಮೆರಿಕದಲ್ಲಿ ಹುಟ್ಟಿದ ಬಿಳಿಯ ನರ್ತಕಿ ಬೆತ್ ಡೀನ್. ಆಕೆ ಮೂಲನಿವಾಸಿಗಳ ನಡುವೆ ಹೋಗಿ ಶ್ರದ್ಧೆಯಿಂದಲೇ ಅಭ್ಯಾಸ ಮಾಡಿದ್ದರು. ಆದರೂ ಆ ದಿನಗಳ ಸ್ಥಿತಿಯನ್ನು ಈಗ ನೆನೆದರೆ ವಿಚಿತ್ರವೆನಿಸುತ್ತದೆ. ಹುಡುಗರು ಕಿಂಚೆಲಾದಲ್ಲಿ ನಂಬರುಗಳಾಗಿದ್ದರು. ಅವರು ಹಾಯ್ದು ಬರಬೇಕಾಗಿದ್ದ ವಿಧಿ ರಂಗದ ಮೇಲೆ ಮೈಗೆ ಕಪ್ಪು ಉಡುಪು ತೊಟ್ಟವರಿಂದ ನಡೆಯುತ್ತಿತ್ತು.

ರೆಡ್‌ಫರ್ನಿನಲ್ಲಿ ಒಂದು ಶಾಲೆ

1967ರ ಜನಮತಗಣನೆಯಲ್ಲಿ ಮೂಲನಿವಾಸಿಗಳನ್ನು ಜನಗಣತಿಯಿಂದ ಹೊರಗಿಟ್ಟಿದ್ದ ಸಂವಿಧಾನದ ವಿಧಿಯನ್ನು ತೆಗೆಯಲು ಶೇಕಡಾ 90ಕ್ಕೂ ಹೆಚ್ಚು ಮತದಾರರು ಒಪ್ಪಿದರು. ಆದರೆ ನೆಲದ ಹಕ್ಕು ಬರಲಿಲ್ಲ. 1972ರ ಜನವರಿ 26ರ ರಾತ್ರಿ ನಾಲ್ವರು ಯುವಕರು ಕ್ಯಾನ್‌ಬೆರಾದ ಸಂಸತ್ ಭವನದೆದುರು ಒಂದು ಕೊಡೆ ನೆಟ್ಟು ಅದನ್ನೇ ತಮ್ಮ ರಾಯಭಾರ ಕಚೇರಿ ಎಂದರು. ತಮ್ಮ ನೆಲದಲ್ಲಿ ತಾವೇ ವಿದೇಶಿಯರಾಗಿದ್ದೇವೆ ಎಂಬುದು ಇದರ ಇಂಗಿತ. ಕೆಲವೇ ದಿನಗಳಲ್ಲಿ ಕೊಡೆಯ ಜಾಗದಲ್ಲಿ ಗುಡಾರಗಳೆದ್ದವು. ಜುಲೈಯಲ್ಲಿ ಪೊಲೀಸರು ಅವನ್ನು ಕಿತ್ತುಹಾಕಿದರು.

ಅದೇ ವರ್ಷ ಅಮೆರಿಕದ ಎಲಿಯೊ ಪೊಮಾರೆ ನೃತ್ಯತಂಡ ಆಸ್ಟ್ರೇಲಿಯ ಪ್ರವಾಸಕ್ಕೆ ಬಂದಿತ್ತು. ಅದರಲ್ಲಿ ಕ್ಯಾರೊಲ್ ಜಾನ್‌ಸನ್ ಎಂಬ ಕಪ್ಪು ನರ್ತಕಿ ಇದ್ದರು. ತಂಡ ಮರಳಿ ಹೋದಾಗ ಆಕೆ ಉಳಿದುಕೊಂಡರು. ಸಿಡ್ನಿಯ ರೆಡ್‌ಫರ್ನ್, ಹಳ್ಳಿ ಬಿಟ್ಟು ಬಂದ ಮೂಲನಿವಾಸಿಗಳು ನೆಲೆಸಿದ ಬಡ ಬಡಾವಣೆ. ಅಲ್ಲಿಯ ಯುವಕ ಯುವತಿಯರಿಗೆ ಆಕೆ ಆಧುನಿಕ ನೃತ್ಯ ಕಲಿಸತೊಡಗಿದರು. ಗುಡಾರಗಳನ್ನು ಪೊಲೀಸರು ಕಿತ್ತ ಘಟನೆಯೇ ಆ ವರ್ಷ ಒಂದು ನೃತ್ಯವಾಯಿತು. 1975ರಲ್ಲಿ ರೆಡ್‌ಫರ್ನಿನ ಬ್ಲ್ಯಾಕ್ ಥಿಯೇಟರಿನಲ್ಲಿ ಆರು ವಾರಗಳ ತರಬೇತಿ ಶಿಬಿರ ನಡೆಯಿತು. ಅದರ ಬೆನ್ನಲ್ಲೇ ಹುಟ್ಟಿದ ನೃತ್ಯಶಾಲೆ ಇಂದು ‘ನೈಸ್ಡಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಈ ಶಾಲೆಯ ಪದ್ಧತಿಯಲ್ಲಿ ಒಂದು ವಿಶೇಷವಿದೆ. ಬ್ಯಾಲೆ, ಆಧುನಿಕ ನೃತ್ಯ, ನಾಟಕ, ಹಾಡುಗಾರಿಕೆಯ ಪಾಠಗಳ ಜೊತೆಗೆ ಆರ್ನೆಮ್ ಲ್ಯಾಂಡಿನಿಂದಲೂ ಟಾರೆಸ್ ಜಲಸಂಧಿಯ ದ್ವೀಪಗಳಿಂದಲೂ ಹಿರಿಯರು ಗುರುಗಳಾಗಿ ಬರುತ್ತಾರೆ. ವಿದ್ಯಾರ್ಥಿಗಳೂ ಅವರ ಊರುಗಳಿಗೆ ಹೋಗಿ ತಂಗುತ್ತಾರೆ. ಸಾಂಪ್ರದಾಯಿಕ ಕುಣಿತವನ್ನು ಪಟ್ಟಣದಲ್ಲಿ ಆಡಿ ತೋರಿಸಬೇಕಾದರೆ ಅದರ ಒಡೆಯರ ಅಪ್ಪಣೆ ಬೇಕು. ಹೆಜ್ಜೆಯೊಡನೆ ಆ ಹೆಜ್ಜೆ ಯಾರದು, ಯಾವ ನೆಲದ್ದು ಎಂಬುದನ್ನೂ ಕಲಿಯಬೇಕು.

ಪಟ್ಟಣದ ಹುಡುಗ ಹುಡುಗಿಯರಿಗೆ ಇದು ಸುಲಭದ ಅನುಭವವಾಗಿರಲಿಲ್ಲ. ಬಿಳಿಯರ ಬಡಾವಣೆಗಳಲ್ಲಿ ಬೆಳೆದವರು, ತಾಯ್ನುಡಿ ಮರೆತವರು, ಮೈಬಣ್ಣ ತಿಳಿಯಾಗಿ ‘ನೀನೆಂಥ ಮೂಲನಿವಾಸಿ?’ ಎಂದು ಎರಡೂ ಕಡೆಯಿಂದ ಕೇಳಿಸಿಕೊಂಡವರು ಅವರಲ್ಲಿದ್ದರು. ಹಳ್ಳಿಯಲ್ಲಿ ಹೊರಗಿನಿಂದ ಬಂದವರನ್ನು ಯಾವುದಾದರೊಂದು ಮನೆಯವರು ಮಗನೆಂದೋ ತಂಗಿಯೆಂದೋ ಸೇರಿಸಿಕೊಳ್ಳುವುದು ರೂಢಿ. ಹಾಗೆ ಸೇರಿಸಿಕೊಳ್ಳದಿದ್ದರೆ ಬಂದವರೊಡನೆ ಹೇಗೆ ಮಾತನಾಡಬೇಕು, ಯಾರ ಪಕ್ಕದಲ್ಲಿ ಕೂರಿಸಬೇಕು ಎಂಬುದೇ ತಿಳಿಯದು. ಒಮ್ಮೆ ಮಗನಾದ ಮೇಲೆ ಕರ್ತವ್ಯಗಳೂ ಬರುತ್ತವೆ. ಹಿಂದೆ ನಂಟಿನ ಮೂಲಕ ಕುಣಿತ ಬರುತ್ತಿತ್ತು. ಈ ಮಕ್ಕಳಿಗೆ ಕುಣಿತದ ಮೂಲಕ ನಂಟು ಬಂತು. ಕ್ರಮ ತಿರುಗುಮುರುಗಾಯಿತು. ಮೂಲನಿವಾಸಿಗಳ ಆಧುನಿಕ ನೃತ್ಯದ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲವೆನ್ನಬಹುದು.

ಪೇಜ್ ಮನೆಯ ಮೂವರು

1989ರಲ್ಲಿ ಕ್ಯಾರೊಲ್ ಜಾನ್‌ಸನ್ ಮತ್ತು ಅವರ ಸಂಗಡಿಗರು ಒಂದು ವೃತ್ತಿಪರ ತಂಡವನ್ನು ಕಟ್ಟಿದರು. ಅದರ ಹೆಸರು ‘ಬಂಗಾರಾ’. ನಮ್ಮ ಚಿನ್ನಕ್ಕೂ ಇದಕ್ಕೂ ಸಂಬಂಧವಿಲ್ಲ. ವಿರಾಜುರಿ ಭಾಷೆಯಲ್ಲಿ ‘ಬೆಂಕಿ ಹೊತ್ತಿಸು’ ಎಂದು ಇದರ ಅರ್ಥ. 1991ರಲ್ಲಿ ಸ್ಟೀಫನ್ ಪೇಜ್ ಅದರ ಕಲಾ ನಿರ್ದೇಶಕರಾದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಸ್ಟೀಫನ್ 1965ರಲ್ಲಿ ಬ್ರಿಸ್ಬೇನಿನಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳ ಮನೆ. ಮೂಲದಲ್ಲಿ ಯುಗಂಬೆ ಭಾಷೆಯ ಮುನಲ್ಜಾಲಿ ಕುಲ ಮತ್ತು ನುನುಕುಲ್ ಜನರಿಗೆ ಸೇರಿದವರು. ಆದರೆ ಮನೆಯಲ್ಲಿ ಆ ಭಾಷೆ ಇರಲಿಲ್ಲ. ತಂದೆಯ ತಲೆಮಾರಿನ ಎಷ್ಟೋ ಜನ ತಮ್ಮ ನುಡಿಯನ್ನು ಮಕ್ಕಳಿಗೆ ಕಲಿಸಲು ಅಂಜಿದವರು. ನೈಸ್ಡಾದಲ್ಲಿ ಕಲಿತು, ಸಿಡ್ನಿ ಡಾನ್ಸ್ ಕಂಪನಿಯಲ್ಲಿ ಕುಣಿದು ಬಂದ ಸ್ಟೀಫನ್ ತನ್ನ ಜೊತೆ ಇಬ್ಬರು ಸೋದರರನ್ನು ಸೇರಿಸಿಕೊಂಡರು. ಚಿಕ್ಕಂದಿನಲ್ಲೇ ಪಾಪ್ ಹಾಡುಗಾರನಾಗಿ ಹೆಸರು ಮಾಡಿದ್ದ ಅಣ್ಣ ಡೇವಿಡ್ ಸಂಗೀತ ಕಟ್ಟಿದರು; ತಮ್ಮ ರಸೆಲ್ ಮುಖ್ಯ ನರ್ತಕರಾದರು.

ಆದರೆ ಅವರ ಕೈಯಲ್ಲಿ ಯಾವ ಕುಣಿತವಿತ್ತು? ತಮ್ಮ ಕುಲದ ಕುಣಿತ ಅವರಿಗೆ ಬಂದಿರಲಿಲ್ಲ. ಇಲ್ಲಿ ನೆರವಿಗೆ ಬಂದವರು ಆರ್ನೆಮ್ ಲ್ಯಾಂಡಿನ ದಾಲಿನ್‌ಬುಯ್ ಎಂಬಲ್ಲಿಯ ಜಾಕಪುರಾ ಮುನ್ಯಾರಿನ್. ಇವರೂ ಎಳೆಯ ಹರೆಯದವರೇ. ವಿಧಿಯ ಹಾಡು ಕುಣಿತಗಳನ್ನು ತಂದೆ ಅಜ್ಜಂದಿರಿಂದ ನೇರವಾಗಿ ಪಡೆದವರು. ಅವರು ತಂಡದಲ್ಲಿ ನರ್ತಕರೂ ಆದರು, ಗುರುವೂ ಆದರು, ತಮ್ಮ ಹಿರಿಯರಿಗೂ ಪಟ್ಟಣದ ಕಲಾವಿದರಿಗೂ ನಡುವೆ ಕೊಂಡಿಯೂ ಆದರು. ಯಾವ ಹೆಜ್ಜೆಯನ್ನು ತೆರೆದ ರಂಗದ ಮೇಲೆ ಇಡಬಹುದು, ಯಾವುದನ್ನು ಇಡಬಾರದು ಎಂದು ಹೇಳಬಲ್ಲ ಒಬ್ಬರು ಜೊತೆಯಲ್ಲೇ ಇದ್ದದ್ದು ತಂಡದ ಭಾಗ್ಯ.

1990ರ ದಶಕದ ಮಧ್ಯದಲ್ಲಿ ಬಂದ ‘ಓಕರ್ಸ್’ ಈ ಕೂಡಿಕೆಯ ಫಲ. ಸ್ಟೀಫನ್ ಪೇಜ್ ಮತ್ತು ಬರ್ನಡೆಟ್ ವಾಲಾಂಗ್ ಸಂಯೋಜಿಸಿದ ಈ ನೃತ್ಯ ಹಳದಿ, ಕಪ್ಪು, ಕೆಂಪು, ಬಿಳಿ ಎಂಬ ನಾಲ್ಕು ಭಾಗಗಳಲ್ಲಿ ನಡೆಯುತ್ತದೆ. ನಾಲ್ಕೂ ಮೈಗೆ ಬಳಿಯುವ ಮಣ್ಣಿನ ಬಣ್ಣಗಳು. ಮೊದಲಿಗೆ ಜಾಕಪುರಾ ಒಬ್ಬರೇ ನಿಂತು ಮುಖಕ್ಕೆ ಮಣ್ಣು ಬಳಿದುಕೊಳ್ಳುತ್ತಾರೆ. ಪ್ರೇಕ್ಷಕರು ಕಂಡದ್ದು ಹಳೆಯ ಕುಣಿತದ ನಕಲಲ್ಲ. ನೆಲಕ್ಕೆ ಹತ್ತಿರವಾದ ಬಾಗಿದ ಮೊಣಕಾಲು, ಅಂಗಾಲಿನ ತುಳಿತ ಸಂಪ್ರದಾಯದ್ದು, ಜೋಡಣೆ ಹೊಸದು. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮೂಲನಿವಾಸಿಗಳ ಭಾಗವನ್ನು ರೂಪಿಸುವ ಹೊಣೆ ಸ್ಟೀಫನ್ ಪೇಜ್ ಮತ್ತು ರೋಡಾ ರಾಬರ್ಟ್ಸ್ ಅವರಿಗೆ ಬಂತು. 1938ರಲ್ಲಿ ಮೂಲನಿವಾಸಿಗಳನ್ನು ಕೂಡಿಹಾಕಿ ಕುಣಿಸಿದ್ದ ಊರಿನಲ್ಲಿಯೇ, ಅರುವತ್ತೆರಡು ವರ್ಷಗಳ ಮೇಲೆ, ಜಗತ್ತಿನ ಮುಂದೆ ಅವರು ತಾವೇ ತೀರ್ಮಾನಿಸಿದ್ದನ್ನು ಕುಣಿದರು.

ಮಣ್ಣಿನ ಗುಪ್ಪೆಗಳು, ಪೆಟ್ಟಿಗೆಯ ಚಿತ್ರಗಳು

ನೃತ್ಯದ ಪಕ್ಕದಲ್ಲಿಯೇ ನಾಟಕವೂ ಬೆಳೆಯಿತು. ಮೈಯಿಂದ ಹೇಳುವುದಕ್ಕೂ ಮಾತಿನಿಂದ ಹೇಳುವುದಕ್ಕೂ ನಡುವೆ ಗೋಡೆ ಕಟ್ಟುವ ಅಭ್ಯಾಸ ಈ ಕಲಾವಿದರಿಗಿಲ್ಲ.

1995ರಲ್ಲಿ ಬ್ರಿಸ್ಬೇನಿನ ಕುಎಂಬಾ ಜಡಾರಾ ತಂಡ ‘ದಿ ಸೆವೆನ್ ಸ್ಟೇಜಸ್ ಆಫ್ ಗ್ರೀವಿಂಗ್’ ಎಂಬ ಏಕವ್ಯಕ್ತಿ ಪ್ರಯೋಗವನ್ನು ರಂಗಕ್ಕೆ ತಂದಿತು. ಬರೆದವರು ವೆಸ್ಲಿ ಈನಾಕ್ ಮತ್ತು ಡೆಬ್ರಾ ಮೈಲ್‌ಮನ್. ಇಬ್ಬರೂ ಇಪ್ಪತ್ತರ ಹರೆಯದವರು. ಅಭಿನಯಿಸಿದವರು ಮೈಲ್‌ಮನ್. ರಂಗದ ಮೇಲೆ ಕರಗುತ್ತಾ ತೊಟ್ಟಿಕ್ಕುವ ಮಂಜುಗಡ್ಡೆ, ಸತ್ತವರ ಚಿತ್ರಗಳಿರುವ ಒಂದು ಪೆಟ್ಟಿಗೆ. ಒಂದು ದೃಶ್ಯದಲ್ಲಿ ಆಕೆ ಮಣ್ಣಿನ ಸಣ್ಣ ಸಣ್ಣ ಗುಪ್ಪೆಗಳನ್ನು ಮಾಡಿ, ಇದು ನೆಲ, ಇವರು ಹಿರಿಯರು, ಇವರು ಮಕ್ಕಳು, ಇವರಿಗೂ ಅವರಿಗೂ ಇಂಥ ನಂಟು ಎಂದು ಜೋಡಿಸುತ್ತಾ ಹೋಗುತ್ತಾಳೆ. ಅಮೇಲೆ ಮಕ್ಕಳ ಗುಪ್ಪೆಗಳನ್ನು ತೆಗೆದುಬಿಡುತ್ತಾಳೆ. ಇಡೀ ವಿನ್ಯಾಸ ಕದಡಿಹೋಗುತ್ತದೆ. ವಿಚಾರಣಾ ವರದಿಯ ನೂರಾರು ಪುಟ ಹೇಳಿದ್ದನ್ನು ಆ ಒಂದು ಕೈಚಲನೆ ಹೇಳಿತು.

1998ರಲ್ಲಿ ಮೆಲ್ಬರ್ನಿನ ಇಲ್‌ಬಿಜೆರಿ ತಂಡ ಜೇನ್ ಹ್ಯಾರಿಸನ್ ಬರೆದ ‘ಸ್ಟೋಲನ್’ ನಾಟಕವನ್ನು ಈನಾಕ್ ಅವರ ನಿರ್ದೇಶನದಲ್ಲಿ ಆಡಿಸಿತು. ಮಕ್ಕಳ ಗೃಹದಲ್ಲಿ ಬೆಳೆದ ಐವರ ಕಥೆ ಅದು. ಕೊನೆಯಲ್ಲಿ ನಟ ನಟಿಯರು ಪಾತ್ರದಿಂದ ಹೊರಬಂದು ಪ್ರೇಕ್ಷಕರೆದುರು ನಿಂತು ತಮ್ಮ ಸ್ವಂತ ಮನೆಯ ಸಂಗತಿ ಹೇಳುತ್ತಾರೆ. ಇದರ ಪರಿಣಾಮ ಊಹಿಸಬಹುದು. ಅದುವರೆಗೆ ಅಭಿನಯವೆಂದು ನೋಡುತ್ತಿದ್ದವರಿಗೆ, ಅಭಿನಯಿಸಿದವರಿಗೂ ಅಭಿನಯಿಸಲ್ಪಟ್ಟವರಿಗೂ ನಡುವೆ ಒಂದೇ ತಲೆಮಾರಿನ ಅಂತರವಿದೆ ಎಂಬುದು ಹೊಳೆಯುತ್ತದೆ.

2004ರಲ್ಲಿ ಡೇವಿಡ್ ಪೇಜ್ ‘ಪೇಜ್ 8’ ಎಂಬ ಏಕವ್ಯಕ್ತಿ ನಾಟಕವನ್ನು ಆಡಿದರು. ನಿರ್ದೇಶನ ಸ್ಟೀಫನ್ ಅವರದೇ. ಬ್ರಿಸ್ಬೇನಿನ ಮನೆ, ಮನೆಯವರೇ ತೆಗೆದ ಹಳೆಯ ಸೂಪರ್ 8 ಚಲನಚಿತ್ರದ ತುಣುಕುಗಳು, ಬಡತನದಲ್ಲಿಯೂ ಅಕ್ಕಂದಿರ ಬಟ್ಟೆ ತೊಟ್ಟು ಹಾಡಿ ಕುಣಿದ ಬಾಲ್ಯ, ಎಲ್ಲವೂ ಅದರಲ್ಲಿದ್ದವು. ದುಃಖದ ಕಥೆಗಳನ್ನೇ ನಿರೀಕ್ಷಿಸಿ ಬಂದವರು ನಗುತ್ತಾ ಹೋದರು. ಮೂಲನಿವಾಸಿ ಕುಟುಂಬವೆಂದರೆ ಒಡೆದ ಕುಟುಂಬವೇ ಆಗಿರಬೇಕೆಂಬ ಕಲ್ಪನೆಯೂ ಒಂದು ವೇಷ ಎಂಬುದನ್ನು ಡೇವಿಡ್ ತೋರಿಸಿದರು.

ಕುಲ ತಪ್ಪಿದ ಪ್ರೀತಿ

ಇನ್ನು ಉತ್ತರದ ದೂರದ ಹಳ್ಳಿಗಳಿಗೆ ಬರೋಣ. ಅಲ್ಲಿ ಭಾಷೆ ಉಳಿದಿದೆ, ಕುಲದ ಕಟ್ಟಲೆ ಉಳಿದಿದೆ. ಅಲ್ಲಿಯ ಯುವಕರ ಸಮಸ್ಯೆ ಬೇರೆ.

ಆರ್ನೆಮ್ ಲ್ಯಾಂಡಿನ ಎಲ್ಕೊ ದ್ವೀಪದ ಯೋಲಂಗು ಹುಡುಗರ ತಂಡವೊಂದು 2007ರಲ್ಲಿ ಮೈಗೆ ಬಿಳಿಮಣ್ಣು ಬಳಿದುಕೊಂಡು ‘ಜೋರ್ಬಾ’ ಚಿತ್ರದ ಗ್ರೀಕ್ ಸಂಗೀತಕ್ಕೆ ಕುಣಿಯಿತು. ಅದರ ಚಿತ್ರೀಕರಣ ಅಂತರಜಾಲದಲ್ಲಿ ಹರಡಿ ಲೋಕವೇ ನಕ್ಕು ಮೆಚ್ಚಿತು. ‘ಚೂಕಿ ಡಾನ್ಸರ್ಸ್’ ಎಂದು ಹೆಸರಾದ ಈ ಹುಡುಗರು ಹಾಲಿವುಡ್, ಹಿಪ್‌ಹಾಪ್, ನಮ್ಮ ಹಿಂದಿ ಸಿನಿಮಾ ಕುಣಿತಗಳನ್ನೂ ಬಿಡಲಿಲ್ಲ. 2010ರ ಅಡಿಲೇಡ್ ಉತ್ಸವದಲ್ಲಿ ಅವರು ನೈಜೆಲ್ ಜೇಮಿಸನ್ ನಿರ್ದೇಶನದಲ್ಲಿ ‘ರಾಂಗ್ ಸ್ಕಿನ್’ ಎಂಬ ನೃತ್ಯನಾಟಕ ಆಡಿದರು. ಕಥೆ ಸರಳ: ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಪ್ರೀತಿಸುತ್ತಾರೆ; ಕುಲದ ಲೆಕ್ಕದಲ್ಲಿ ಅವರು ಕೂಡುವಂತಿಲ್ಲ. ಅಂಥ ಪ್ರೀತಿ ಅಲ್ಲಿ ದೊಡ್ಡ ಅಪರಾಧ.

ಪಟ್ಟಣದ ಮಕ್ಕಳು ಕಳೆದುಕೊಂಡು ಅಳುತ್ತಿದ್ದ ಅದೇ ನಂಟಿನ ಬಲೆ ಇಲ್ಲಿ ಇಬ್ಬರು ಎಳೆಯರ ಕೊರಳಿಗೆ ಬಿಗಿಯುತ್ತದೆ. ಪರಂಪರೆಯನ್ನು ದೂರದಿಂದ ಹಾಡಿ ಹೊಗಳುವುದು ಸುಲಭ. ಅದರೊಳಗೆ ಬದುಕುವವರಿಗೆ ಅದು ದಿನನಿತ್ಯದ ಕಾನೂನು. ಯೋಲಂಗು ಹುಡುಗರು ಇದನ್ನು ಹೊರಗಿನವರಿಗೆ ಮಾತ್ರವಲ್ಲ, ತಮ್ಮ ಹಿರಿಯರ ಎದುರಿಗೂ ಇಟ್ಟರು.

ಪಶ್ಚಿಮ ತೀರದ ಬ್ರೂಮ್ ಪಟ್ಟಣದ್ದು ಇನ್ನೊಂದು ಬಗೆಯ ಕಥೆ. ಮುತ್ತಿನ ವ್ಯಾಪಾರಕ್ಕಾಗಿ ಜಪಾನ್, ಚೀನಾ, ಮಲಯ, ಫಿಲಿಪ್ಪೀನ್ಸ್‌ಗಳಿಂದ ಬಂದ ಮುಳುಗುಗಾರರೂ ನಾವಿಕರೂ ಅಲ್ಲಿಯ ಮೂಲನಿವಾಸಿ ಹೆಣ್ಣುಗಳೊಡನೆ ಸಂಸಾರ ಹೂಡಿದರು. ಸರಕಾರದ ಕಾಯಿದೆ ಇಂಥ ಕೂಡುವಿಕೆಯನ್ನು ತಡೆಯಲು ನೋಡಿತು. ಕುಟುಂಬಗಳು ಮಾತ್ರ ಬೆಳೆದವು. ಅಲ್ಲಿಯ ಮರುಗೆಕು ತಂಡದ ಡಲೀಸಾ ಪಿಗ್ರಮ್ 2013ರಲ್ಲಿ ‘ಗುದಿರ್ ಗುದಿರ್’ ಎಂಬ ಏಕವ್ಯಕ್ತಿ ನೃತ್ಯವನ್ನು ಆಡಿದರು. ಯಾವುರು ಜನರ ಹಿರಿಯರೂ ಮುಂದೆ ಸಂಸತ್ ಸದಸ್ಯರೂ ಆದ ಪ್ಯಾಟ್ರಿಕ್ ಡಾಡ್ಸನ್ ಇದರ ಹಿಂದಿದ್ದರು. ಸಮುದ್ರದ ಉಬ್ಬರ ತಿರುಗುವ ಹೊತ್ತಾಯಿತು, ದಡ ಸೇರಿ ಎಂದು ಎಚ್ಚರಿಸುವ ಹಕ್ಕಿಯ ಕೂಗೇ ಆ ಹೆಸರು. ಯಾವುರು ರಕ್ತವೂ ಏಷ್ಯದ ರಕ್ತವೂ ಕೂಡಿದ ಮೈಯನ್ನೇ ಪುಸ್ತಕದಂತೆ ತೆರೆದು, ಎಳೆಯರ ಆತ್ಮಹತ್ಯೆಗಳಿಂದ ನಲುಗಿದ ಊರಿಗೆ ಆಕೆ ಆ ಎಚ್ಚರಿಕೆಯನ್ನು ಮುಟ್ಟಿಸಿದರು.

ಮನೆಗೆ ಮರಳಿದ ನುಡಿ

ಈ ಹುಡುಕಾಟಕ್ಕೆ ಬೆಲೆ ತೆರಬೇಕಾಯಿತು. ಪೇಜ್ ಸೋದರರಲ್ಲಿ ರಸೆಲ್ 2002ರಲ್ಲಿ ತೀರಿಕೊಂಡರು, ಡೇವಿಡ್ 2016ರಲ್ಲಿ. ಮೂವರಲ್ಲಿ ಸ್ಟೀಫನ್ ಒಬ್ಬರೇ ಉಳಿದರು. ಬೇರೆಯವರ ನೋವನ್ನು ರಾತ್ರಿ ರಾತ್ರಿ ಮೈಮೇಲೆ ತಂದುಕೊಂಡು ಕುಣಿಯುವವರನ್ನು ಆ ನೋವು ರಂಗದ ಹೊರಗೆ ಬಿಟ್ಟುಬಿಡುತ್ತದೆಂದು ತಿಳಿಯಬಾರದು. ಮೂಲನಿವಾಸಿಗಳ ಎಷ್ಟೋ ಕುಲಗಳಲ್ಲಿ ಸತ್ತವರ ಹೆಸರನ್ನು ಕೆಲಕಾಲ ಉಚ್ಚರಿಸುವುದಿಲ್ಲ, ಚಿತ್ರವನ್ನು ತೋರಿಸುವುದಿಲ್ಲ. ಅಂಥ ಸಮಾಜದಲ್ಲಿ ಕುಟುಂಬದ ಸಾವನ್ನು ರಂಗದ ಮೇಲೆ ತರುವುದಕ್ಕೆ ಎಷ್ಟು ಧೈರ್ಯ, ಎಷ್ಟು ಎಚ್ಚರ ಬೇಕೆಂಬುದನ್ನು ಯೋಚಿಸಬೇಕು.

ಆದರೂ ಕೆಲಸ ನಿಲ್ಲಲಿಲ್ಲ. 2015ರಲ್ಲಿ ಸ್ಟೀಫನ್ ತಮ್ಮ ಹಳೆಯ ನೃತ್ಯವೊಂದನ್ನು ‘ಸ್ಪಿಯರ್’ ಎಂಬ ಚಲನಚಿತ್ರವಾಗಿಸಿದರು. ಗಂಡಸಾಗುವುದೆಂದರೆ ಏನೆಂದು ಹುಡುಕುತ್ತಾ ಹಳ್ಳಿ ಪಟ್ಟಣಗಳ ನಡುವೆ ಅಲೆಯುವ ಯುವಕನ ಪಾತ್ರವನ್ನು ಅವರ ಮಗ ಹಂಟರ್ ಪೇಜ್-ಲೊಕಾರ್ಡ್ ವಹಿಸಿದರು. 1954ರಲ್ಲಿ ಬೆತ್ ಡೀನ್ ಆಡಿದ ಅದೇ ವಸ್ತು. ಈ ಸಲ ತಂದೆ ನಿರ್ದೇಶಿಸಿದ್ದು, ಮಗ ಆಡಿದ್ದು.

2022ರಲ್ಲಿ ಕಲಾ ನಿರ್ದೇಶಕರಾಗಿ ಅವರ ಕೊನೆಯ ದೊಡ್ಡ ಕೃತಿ ‘ವುಜಾಂಗ್: ನಾಟ್ ದ ಪಾಸ್ಟ್’ ಸಿಡ್ನಿಯಲ್ಲಿ ಪ್ರದರ್ಶನಗೊಂಡಿತು. ಯುಗಂಬೆ ನೆಲದಲ್ಲಿ ಅಣೆಕಟ್ಟಿಗಾಗಿ ಅಗೆಯುವಾಗ ಪೂರ್ವಜರೊಬ್ಬರ ಅಸ್ಥಿ ಸಿಗುತ್ತದೆ. ಆ ಆತ್ಮವನ್ನು ಗೌರವದಿಂದ ಮತ್ತೆ ಮಣ್ಣಿಗೆ ಸೇರಿಸುವುದೇ ಕಥೆ. ಇದರಲ್ಲಿ ಹಾಡಿದ್ದು ಯುಗಂಬೆ ಜನರ ಸ್ವಂತ ನುಡಿಯಲ್ಲಿ. 1991ರಲ್ಲಿ ಆರ್ನೆಮ್ ಲ್ಯಾಂಡಿನವರ ಕುಣಿತವನ್ನು ಅಪ್ಪಣೆ ಪಡೆದು ಕಲಿತ ಪಟ್ಟಣದ ಹುಡುಗ, ಮೂವತ್ತು ವರ್ಷಗಳ ಮೇಲೆ ತನ್ನ ಅಜ್ಜಂದಿರ ಮಾತಿಗೆ ಬಂದು ಮುಟ್ಟಿದ. ಪರರ ಮನೆಯ ದೀಪದಿಂದ ತನ್ನ ಮನೆಯ ದೀಪ ಹಚ್ಚಿಕೊಂಡ ಹಾಗಾಯಿತು.

2023ರಿಂದ ಬಂಗಾರಾ ತಂಡವನ್ನು ನಡೆಸುತ್ತಿರುವವರು ದಕ್ಷಿಣ ಆಸ್ಟ್ರೇಲಿಯದ ಮಿರ್ನಿಂಗ್ ಜನರಿಗೆ ಸೇರಿದ, ನೈಸ್ಡಾದಲ್ಲೇ ಕಲಿತ ಫ್ರಾನ್ಸಿಸ್ ರಿಂಗ್ಸ್. ತಂಡ 2013ರಿಂದ ಶಾಲಾ ವಯಸ್ಸಿನ ಮಕ್ಕಳಿಗಾಗಿ ‘ರೀಕಿಂಡ್ಲಿಂಗ್’ ಎಂಬ ಕಾರ್ಯಕ್ರಮವನ್ನೂ ನಡೆಸಿಕೊಂಡು ಬಂದಿತು. ಊರೂರಿಗೆ ಹೋದ ಕಲಾವಿದರು ಅಲ್ಲಿಯ ಮಕ್ಕಳನ್ನು ಅವರ ಹಿರಿಯರ ಬಳಿ ಕೂರಿಸುತ್ತಾರೆ. ಮಕ್ಕಳು ಕೇಳುತ್ತಾರೆ, ಹಿರಿಯರು ಆ ಊರಿನ ಕಥೆ ಹೇಳುತ್ತಾರೆ. ಕೇಳಿದ್ದನ್ನು ಮಕ್ಕಳು ಕುಣಿತವಾಗಿ ಕಟ್ಟಿ, ಆ ಹಿರಿಯರ ಮುಂದೆಯೇ ಆಡಿ ತೋರಿಸುತ್ತಾರೆ. ಹೊರಗಿನ ಪ್ರೇಕ್ಷಕರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

2021ರ ಜನಗಣತಿಯಲ್ಲಿ 8,12,000ಕ್ಕೂ ಹೆಚ್ಚು ಜನ ತಾವು ಮೂಲನಿವಾಸಿಗಳು ಅಥವಾ ಟಾರೆಸ್ ಜಲಸಂಧಿಯ ದ್ವೀಪವಾಸಿಗಳು ಎಂದು ಬರೆಸಿದರು. ದೇಶದ ಜನಸಂಖ್ಯೆಯ ಶೇಕಡಾ 3.2. ಹಿಂದೆ ಬಚ್ಚಿಡುತ್ತಿದ್ದ ಗುರುತನ್ನು ಈಗ ಬಾಯಿಬಿಟ್ಟು ಹೇಳುವವರು ಹೆಚ್ಚಿದ್ದಾರೆ. ಅದೇ ಹೊತ್ತಿಗೆ, ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿ ಮಂಡಳಿಯೊಂದನ್ನು ಸಂವಿಧಾನದಲ್ಲಿ ಸೇರಿಸುವ ಪ್ರಸ್ತಾಪವನ್ನು 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಶೇಕಡಾ 60ರಷ್ಟು ಮತದಾರರು ತಿರಸ್ಕರಿಸಿದರು. ದೇಶ ಅವರ ಕುಣಿತಕ್ಕೆ ಚಪ್ಪಾಳೆ ತಟ್ಟುತ್ತದೆ. ಅವರ ಮಾತಿಗೆ ಸಂವಿಧಾನದಲ್ಲಿ ಜಾಗ ಕೊಡಲು ಇನ್ನೂ ಹಿಂಜರಿಯುತ್ತದೆ. ಚಪ್ಪಾಳೆಯಿಂದ ನ್ಯಾಯ ಸಿಕ್ಕಿಬಿಡುತ್ತದೆಂಬ ಭ್ರಮೆ ಆ ಕಲಾವಿದರಿಗೂ ಇಲ್ಲ.

ಅವರಿಗೆ ಸಿಕ್ಕಿರುವುದು ಬೇರೊಂದು. ‘ಯಾರ ಕಡೆಯವಳು ನೀನು?’ ಎಂದು ಹಿರಿಯಳೊಬ್ಬಳು ಕೇಳಿದಾಗ ಇಂದು ಒಬ್ಬ ಹದಿನೈದರ ಹುಡುಗಿ ತಲೆ ತಗ್ಗಿಸಬೇಕಾಗಿಲ್ಲ. ಹೆಸರು ಪೂರ್ತಿ ನೆನಪಿಲ್ಲದಿದ್ದರೆ, ಕಲಿತ ನಾಲ್ಕು ಹೆಜ್ಜೆಯನ್ನು ಹಾಕಿ ತೋರಿಸಬಹುದು. ನೋಡಿದ ಹಿರಿಯಳು, ಇದು ನಮ್ಮ ನದಿಯ ಕುಣಿತ, ಇದನ್ನು ನಿನಗೆ ಕಲಿಸಿದವಳು ನನ್ನ ಅಕ್ಕ, ಬಾ ಕೂತುಕೋ ಎಂದಾಳು.